ಆಗಸ್ಟ್ ತಿಂಗಳ ಕಿಟಕಿ

ಜೂನ್ ತಿಂಗಳ ಮೊದಲ ವಾರ ಬಂತೆಂದರೆ ಪೆರೀನಾ ತನ್ನ ಕೋಣೆಯನ್ನು ತಾನೇ ಖಾಲಿ ಮಾಡುತ್ತಿದ್ದಳು. ಮೇಲಿನ ಬೀರುವಿನಿಂದ ತನ್ನ ನಾಲ್ಕು ಉಡುಪು, ಗಂಡನ ಅಂಗಿಗಳು, ಮೇರಿಯಮ್ಮನ ಪಟ, ಮಂಡಿನೋವಿನ ಮುಲಾಮು, ಇಷ್ಟನ್ನು ಬುಟ್ಟಿಗೆ ತುಂಬಿ, ಹೊರಗಿನ ಕಲ್ಲಿನ ಮೆಟ್ಟಿಲು ಇಳಿದು ಕೆಳಗಿನ ಕೊನೋಬಾಕ್ಕೆ ಬರುತ್ತಿದ್ದಳು. ಕೊನೋಬಾ ಎಂದರೆ ಮನೆಯ ಬುಡದ ಕತ್ತಲ ಉಗ್ರಾಣ. ವೈನಿನ ಪೀಪಾಯಿ, ಆಲಿವ್ ಎಣ್ಣೆಯ ಕಲ್ಲುತೊಟ್ಟಿ, ಮೀನುಬಲೆ, ಹರಿದ ಹಾಯಿ ಎಲ್ಲ ಅಲ್ಲಿ. ಅವುಗಳ ನಡುವೆ ಎರಡು ಕಬ್ಬಿಣದ ಮಂಚ. ಸೆಪ್ಟೆಂಬರ್ ಮುಗಿಯುವವರೆಗೆ ಗಂಡ ಹೆಂಡತಿಯ ಸಂಸಾರ ಅಲ್ಲಿಯೇ.

ನಮ್ಮ ಕೋರ್ಚುಲಾ ದ್ವೀಪದಲ್ಲಿ ಇದನ್ನು ನೋಡಿ ಯಾರೂ ಹುಬ್ಬೇರಿಸುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿನ ಒಳ್ಳೆಯ ಹಾಸಿಗೆಯೆಲ್ಲ ಹೊರಗಿನವರದು. ಪಾದ್ರಿಯ ತಂಗಿಯೂ ಗ್ಯಾರೇಜಿನಲ್ಲಿ ಮಲಗುತ್ತಾಳೆ. ಅಕ್ಟೋಬರ್ ಬಂದಾಗ ರೇಡಿಯೋದವನು ಮದುವೆ ಮನೆಯ ದನಿಯಲ್ಲಿ ಹೇಳುತ್ತಾನೆ: ಈ ವರ್ಷ ಇಷ್ಟು ಲಕ್ಷ ಅತಿಥಿಗಳು ಬಂದರು, ದೇಶದ ಗಳಿಕೆಯಲ್ಲಿ ಐದರಲ್ಲೊಂದು ಪಾಲು ಅವರಿಂದಲೇ. ಆ ಪಾಲು ಯಾರ ಮಂಚದ ಮೇಲೆ ಹುಟ್ಟಿತು ಎನ್ನುವುದನ್ನು ಅವನು ಹೇಳುವುದಿಲ್ಲ. ಅವನೂ ಪಾಪ ಬೇಸಿಗೆಯಲ್ಲಿ ಎಲ್ಲಿ ಮಲಗುತ್ತಾನೋ ಯಾರು ಕಂಡರು.

ಪೆರೀನಾ ಈ ಮನೆಗೆ ಸೊಸೆಯಾಗಿ ಬಂದದ್ದು ಒಂದು ಜನವರಿಯಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ. ತವರು ದ್ವೀಪದ ನಡುವಿನ ಬ್ಲಾತೊ. ಅಲ್ಲಿ ಎಲ್ಲಿ ನಿಂತರೂ ದ್ರಾಕ್ಷಿ ಬಳ್ಳಿ ಕಾಣುತ್ತದೆಯೇ ಹೊರತು ಸಮುದ್ರ ಕಾಣುವುದಿಲ್ಲ. ಮದುವೆಯ ದಿನ ಡಿಂಕೊ ಅವಳನ್ನು ಮೇಲಿನ ಕೋಣೆಗೆ ಕರೆದುಕೊಂಡು ಹೋಗಿ, ಕಬ್ಬಿಣದ ಪಟ್ಟಿ ಬಿಗಿದ ಹಸಿರು ಕಿಟಕಿಯನ್ನು ತೋರಿಸಿ, "ಇದರ ಆಚೆ ಪೂರ್ತಿ ಸಮುದ್ರ. ಬೇಸಿಗೆ ಬರ್ಲಿ, ನೋಡುವಂತೆ" ಎಂದಿದ್ದ. ಆಗ ಬುರಾ ಗಾಳಿಯ ಕಾಲ. ಉತ್ತರದಿಂದ ಬೀಸುವ ಆ ಗಾಳಿಗೆ ಕಿಟಕಿ ತೆಗೆದರೆ ಬಾಗಿಲು ಕಿತ್ತು ಕೈಗೆ ಬರುತ್ತದೆ. ಮೇ ಮುಗಿಯುವವರೆಗೆ ಬೆಳಗಿನ ಹೊತ್ತು ಆ ಪಟ್ಟಿ ಬಿಚ್ಚುವ ರೂಢಿಯಿಲ್ಲ. ಸೂರ್ಯನೂ ಚಳಿಗಾಲದಲ್ಲಿ ಬಲಗಡೆಯ ಗುಡ್ಡದ ಹಿಂದೆ ಹುಟ್ಟಿ, ಹತ್ತು ಗಂಟೆ ದಾಟಿದ ಮೇಲೆ ಸೋಮಾರಿಯಂತೆ ಮನೆಗೆ ಬರುತ್ತಾನೆ. ಬೇಸಿಗೆಯಲ್ಲಿ ಮಾತ್ರ ಅವನು ಎಡಕ್ಕೆ ಸರಿದು, ಎರಡು ದ್ವೀಪಗಳ ನಡುವಿನ ಬಯಲು ನೀರಿನಿಂದ ಎದ್ದು, ನೇರವಾಗಿ ಆ ಕಿಟಕಿಯೊಳಗೆ ಇಳಿಯುತ್ತಾನಂತೆ. ಹೊಸ ಸೊಸೆ ಐದು ತಿಂಗಳು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಾದಳು.

ಜೂನ್ ಬಂತು. ಅತ್ತೆ ಲೂಚೆ ಬಾಗಿಲಲ್ಲಿ ನಿಂತು, "ಬಟ್ಟೆಬರೆ ತೊಗೊಂಡು ಕೆಳಗಿಳಿಯಮ್ಮ. ನಾಳೆ ಜರ್ಮನ್ನರು ಬರ್ತಾರೆ" ಎಂದಳು.

"ಅದು ನಮ್ಮ ಮಂಚ ಅಲ್ವಾ ಅತ್ತೆ?"

"ಚಳಿಗಾಲದಲ್ಲಿ ನಿಮ್ದು. ಬೇಸಿಗೆಯಲ್ಲಿ ಮನೇದು."

ಅಂದು ಇಳಿದವಳು ನಲವತ್ತೈದು ಬೇಸಿಗೆ ಇಳಿದಳು. ದಡಕ್ಕೆ ಹೋಗಿ ನಿಂತರೆ ಸೂರ್ಯ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಕಾಣುತ್ತಾನೆ. ಬೆಳಗಿನ ಆರು ಗಂಟೆಗೆ ಮೇಲುಕೇರಿಯ ಬೇಕರಿಯಿಂದ ಅತಿಥಿಗಳಿಗೆ ಬ್ರೆಡ್ ತರುವಾಗ ಅವಳು ಬೇಕಾದಷ್ಟು ಸೂರ್ಯನನ್ನು ನೋಡಿದ್ದಾಳೆ. ಆದರೆ ಕೈಯಲ್ಲಿ ಚೀಲ ಹಿಡಿದು ನಡೆಯುವವಳಿಗೆ ಕಾಣುವ ಸೂರ್ಯ ಬೇರೆ, ಹಾಸಿಗೆಯಲ್ಲಿ ಮಲಗಿದವಳ ಕೆನ್ನೆಯ ಮೇಲೆ ಬಂದು ಕೂರುವ ಸೂರ್ಯ ಬೇರೆ. ಇದನ್ನು ಅವಳಿಗೆ ಹೇಳಿಕೊಟ್ಟವರು ಅತಿಥಿಗಳೇ.

ಊರಿಗೆ ಹೊರಡುವ ದಿನ ಅವರೆಲ್ಲ ಮೀನಿನ ರುಚಿ ಹೊಗಳುತ್ತಿದ್ದರು, ವೈನು ಹೊಗಳುತ್ತಿದ್ದರು, ಕೊನೆಗೆ ಬೆರಳೆತ್ತಿ ಕಿಟಕಿಯನ್ನು ತೋರಿಸುತ್ತಿದ್ದರು. ಜರ್ಮನಿಯ ಒಬ್ಬ ಹಲ್ಲಿನ ವೈದ್ಯ, ಬಹಳ ಗಂಭೀರ ಮನುಷ್ಯ, ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ತೋರಿಸಿದ್ದ. ಸ್ಲೊವೇನಿಯಾದಿಂದ ಬಂದ ಒಬ್ಬ ಮದುವಣಗಿತ್ತಿ, "ಬೆಳಿಗ್ಗೆ ಹೊದಿಕೆಯೆಲ್ಲ ಏಪ್ರಿಕಾಟ್ ಹಣ್ಣಿನ ಬಣ್ಣ ಆಗತ್ತೆ, ಅಲ್ವಾ?" ಎಂದು ಕೇಳಿದ್ದಳು. ಪೆರೀನಾ, "ಹೌದಮ್ಮ, ಹೌದು" ಎಂದಿದ್ದಳು. ತನಗೆ ಗೊತ್ತಿಲ್ಲ ಎಂದು ಹೇಳಲು ನಾಲಗೆ ಬರಲಿಲ್ಲ. ಅವಳು ನೋಡುತ್ತಿದ್ದದ್ದು ಶನಿವಾರದ ನಡು ಮಧ್ಯಾಹ್ನದ ಕೋಣೆ: ಹಳಬರು ಹೋಗಿ ಹೊಸಬರು ಬರುವ ನಡುವಿನ ನಾಲ್ಕು ಗಂಟೆ, ಸೆಕೆಗೆ ಮುಚ್ಚಿದ ಕಿಟಕಿ, ಒದ್ದೆ ಒರೆಸುಬಟ್ಟೆ, ಮುದ್ದೆಯಾದ ಹೊದಿಕೆ.

ಕೊನೋಬಾದ ಮಂಚದ ಮೇಲೆ ಅಂಗಾತ ಮಲಗಿ ಅವಳು ಮೇಲಿನವರ ಹೆಜ್ಜೆಗಳನ್ನು ಕೇಳುತ್ತಿದ್ದಳು. ನಲವತ್ತೈದು ವರ್ಷದಲ್ಲಿ ಕಿವಿಯೇ ಕಣ್ಣಾಗಿತ್ತು. ಈಗ ಹಾಸಿಗೆಯಿಂದ ಎದ್ದರು. ಈಗ ಬರಿಗಾಲಲ್ಲಿ ಕಿಟಕಿಗೆ ನಡೆದರು. ಈಗ ಚಿಲಕ ತೆಗೆದರು. ಆಮೇಲೆ ಸದ್ದು ನಿಂತುಹೋಗುತ್ತಿತ್ತು. ಎಲ್ಲರದ್ದೂ ಅಲ್ಲಿಯೇ ನಿಲ್ಲುತ್ತಿತ್ತು, ಜಗಳವಾಡಿದವರದ್ದೂ. ಆ ನಿಶ್ಶಬ್ದದ ಕೆಳಗೆ ಪೀಪಾಯಿಗಳ ನಡುವೆ ಮಲಗಿ ಪೆರೀನಾ ತನ್ನದೇ ಆಗಸ್ಟ್ ಒಂದನ್ನು ಕಟ್ಟಿಕೊಳ್ಳುತ್ತಿದ್ದಳು. ಒಂದು ದಿನ ನೀರು ಹಾಲಿನಂತಿರುತ್ತಿತ್ತು, ಒಂದು ದಿನ ಆಚೆಯ ದ್ವೀಪ ತೇಲಿಕೊಂಡು ಹತ್ತಿರ ಬರುತ್ತಿತ್ತು, ಒಂದು ದಿನ ಅವಳು ಮಂಚದ ಸಮೇತ ಕಿಟಕಿಯಿಂದ ಹೊರಗೆ ಹೋಗಿ ಬಿಸಿಲ ದಾರಿಯ ಮೇಲೆ ಸಾಗುತ್ತಿದ್ದಳು. ಅಷ್ಟರಲ್ಲಿ ಬ್ರೆಡ್ಡಿಗೆ ಹೊತ್ತಾಗುತ್ತಿತ್ತು.

ಕೋಣೆ ಖಾಲಿ ಬಿದ್ದ ಬೇಸಿಗೆಯೇ ಇರಲಿಲ್ಲವೆಂದಲ್ಲ. ಯುದ್ಧದ ವರ್ಷಗಳಲ್ಲಿ ಒಬ್ಬ ಅತಿಥಿಯೂ ಬರಲಿಲ್ಲ. ಆದರೆ ಪೂರ್ವದ ಬಯಲಿನಿಂದ ಮನೆ ಕಳೆದುಕೊಂಡು ಬಂದ ಒಬ್ಬ ತಾಯಿ, ಎರಡು ಹೆಣ್ಣುಮಕ್ಕಳು ಆ ಕೋಣೆಯಲ್ಲಿ ಮೂರು ವರ್ಷ ಇದ್ದರು. ಆ ಮಕ್ಕಳು ಕಿಟಕಿಯಲ್ಲಿ ಕೂತು ಕಾಲು ಆಡಿಸುವುದನ್ನು ಕಂಡರೆ ಪೆರೀನಾಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಅದರ ಬಗ್ಗೆ ಅವಳು ಎಂದೂ ಒಂದು ಮಾತು ಗೊಣಗಿಲ್ಲ. ಆಮೇಲೆ ಕೊರೊನಾ ವರ್ಷ. ಜೂನ್ ಪೂರ್ತಿ ಖಾಲಿ. ಅವಳು ಆಸೆಯಿಂದ ದಿಂಬು ಹಿಡಿದು ಮೇಲೆ ಹತ್ತಿದರೆ, ಮಗ ಯೋಷ್ಕೊ ಬಚ್ಚಲಿನ ಗೋಡೆ ಒಡೆದು ಕೋಣೆಯ ತುಂಬ ಸಿಮೆಂಟ್ ಹರಡಿದ್ದ. "ಖಾಲಿ ಇರೋವಾಗ ಮುಗಿಸಿಬಿಡೋಣ ಅಂತ, ಅಮ್ಮ" ಎಂದ. ಅವಳು ದಿಂಬು ಹಿಡಿದು ವಾಪಸು ಇಳಿದಳು.

ಈ ವರ್ಷದ ಈಸ್ಟರ್ ಊಟಕ್ಕೆ ಯೋಷ್ಕೊ, ಅವನ ಹೆಂಡತಿ ಝೊರಾನಾ ಪಟ್ಟಣದಿಂದ ಬಂದಿದ್ದರು. ಅತಿಥಿಗಳ ಬುಕಿಂಗ್ ಎಲ್ಲ ಈಗ ಝೊರಾನಾಳ ಫೋನಿನಲ್ಲಿ. ಕುರಿ ಮಾಂಸ ಮುಗಿಯುವ ಹೊತ್ತಿಗೆ ಅವಳು ಒಂದು ಕಾಗದ ಬಿಚ್ಚಿದಳು. ಮೇಲಿನ ಕೋಣೆಯ ನಟ್ಟನಡುವೆ ಒಂದು ಗೆರೆ.

"ಅಕ್ಟೋಬರಿಗೆ ಕೆಲಸ ಶುರು, ಅತ್ತೆ. ಇಲ್ಲಿ ಗೋಡೆ. ಎರಡು ಪುಟ್ಟ ಮನೆ ಆಗತ್ತೆ, ಒಂದೊಂದಕ್ಕೆ ಅಡುಗೆ ಕಟ್ಟೆ, ಸ್ನಾನದ ಮನೆ."

"ಕಿಟಕಿ?"

"ಕಿಟಕಿ ತೆಗೆದು ಪೂರ್ತಿ ಗಾಜು ಹಾಕಿಸ್ತೀವಿ. ಚಳಿಗಾಲದಲ್ಲೂ ಜನ ಬರ್ತಾರೆ ಈಗ."

"ಚಳಿಗಾಲದಲ್ಲಿ ನಾವು ಎಲ್ಲಿ ಹೋಗೋದು?"

"ಕೊನೋಬಾಗೆ ಹೀಟರ್ ಹಾಕಿಸಿ, ನೆಲಕ್ಕೆ ಮರ ಹಾಸಿಸಿ, ನಿಮಗೆ ಅರಮನೆ ಮಾಡ್ಕೊಡ್ತೀನಿ. ಆ ಮೆಟ್ಟಿಲು ಹತ್ತಿ ಇಳಿದು ನಿಮ್ಮ ಮಂಡಿ ಏನಾಗಿದೆ ನೋಡಿ."

ಝೊರಾನಾ ಕೆಟ್ಟವಳಲ್ಲ. ಅವಳು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ, ಅದೇ ತೊಂದರೆ. ಪೆರೀನಾ ತಟ್ಟೆ ಎತ್ತಿಟ್ಟಳು. ಪಾತ್ರೆ ತೊಳೆಯುವಾಗ ಅವಳಿಗೆ ಒಂದು ಲೆಕ್ಕ ಹೊಳೆಯಿತು: ಇನ್ನು ಒಂದೇ ಆಗಸ್ಟ್. ಅದನ್ನೂ ಬಿಟ್ಟರೆ ಆ ಕೋಣೆಯೇ ಇರುವುದಿಲ್ಲ. ಒಂದೇ ಒಂದು ಬೆಳಿಗ್ಗೆ, ತನ್ನ ಮಂಚದಲ್ಲಿ ಮಲಗಿ, ತನ್ನ ಕಿಟಕಿಯಿಂದ. ಅದಕ್ಕಿಂತ ಹೆಚ್ಚಿಗೆ ಅವಳಿಗೆ ಏನೂ ಬೇಕಿರಲಿಲ್ಲ. ಆದರೆ ಆಗಸ್ಟಿನ ನಾಲ್ಕು ವಾರವೂ ಜನವರಿಯಲ್ಲೇ ತುಂಬಿಹೋಗಿತ್ತು.

ಜುಲೈನಲ್ಲಿ ಕಾಗದ ಬಂತು. ಬರೆದವಳು ಯಾರ್ಮಿಲಾ. ಅವಳು, ಅವಳ ಗಂಡ ಬೊಹುಮಿಲ್, ಚೆಕ್ ದೇಶದ ಓಲೊಮೌಟ್ಸ್ ಊರಿನವರು. ಯುದ್ಧ ಮುಗಿದ ಮೇಲೆ ಮೊದಲು ಧೈರ್ಯ ಮಾಡಿ ಬಂದವರು ಅವರೇ. ಅಂದಿನಿಂದ ಇಪ್ಪತ್ತೆಂಟು ವರ್ಷ ಆಗಸ್ಟಿನ ಮೂರನೆಯ ವಾರ ಅವರದೇ. ಅವರ ಭಾಷೆಗೂ ನಮ್ಮದಕ್ಕೂ ದಾಯಾದಿ ಸಂಬಂಧ. ಇವರು ಅರ್ಧ ಹೇಳಿದರೆ ಅವರು ಅರ್ಧ ಊಹಿಸಿಕೊಂಡು, ಕೊನೆಗೆ ಎಲ್ಲರೂ ನಗುತ್ತಿದ್ದರು. 'ಬೊಹುಮಿಲ್ ಮಾರ್ಚಿನಲ್ಲಿ ತೀರಿಹೋದರು' ಎಂದು ಯಾರ್ಮಿಲಾ ಬರೆದಿದ್ದಳು. 'ಒಬ್ಬಳೇ ಬರಲು ಕಾಲೇಳುತ್ತಿಲ್ಲ. ಕೋಣೆಯನ್ನು ಬೇರೆಯವರಿಗೆ ಕೊಡಿ.'

ಪೆರೀನಾ ಅಂಜೂರದ ಮರದ ಕೆಳಗೆ ಕೂತು ಅತ್ತಳು. ಬೊಹುಮಿಲ್ ಪ್ರತಿ ವರ್ಷ ಅವಳಿಗೆಂದು ಒಂದು ಡಬ್ಬಿ ಜೇನುಬಿಸ್ಕತ್ತು ತರುತ್ತಿದ್ದ, ಡಿಂಕೊ ಜೊತೆ ಕೂತು ಬಲೆ ಹೊಲಿಯುತ್ತಿದ್ದ. ಅತ್ತದ್ದು ನಿಜವಾದ ಅಳು. ಆದರೆ ಕಣ್ಣು ಒರೆಸಿಕೊಳ್ಳುತ್ತಿದ್ದಂತೆಯೇ ಮೂರನೆಯ ವಾರ ಖಾಲಿ ಎನ್ನುವುದು ತಲೆಗೆ ಬಂತು. ಒಬ್ಬ ಒಳ್ಳೆಯ ಮನುಷ್ಯ ಸತ್ತ ಸುದ್ದಿಯ ಮೇಲೆ ಇಂಥ ಯೋಚನೆ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಕಾಗದವನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಝೊರಾನಾಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಯಾರೋ ಪೋಲೆಂಡಿನವರು ಆ ವಾರವನ್ನು ಕಚ್ಚಿಕೊಂಡು ಹೋಗುತ್ತಾರೆ. ಅವಳು ಹೇಳಲಿಲ್ಲ. ಫೋನಿನಲ್ಲಿ ಆ ವಾರ ಚೆಕ್ಕರ ಹೆಸರಿನಲ್ಲೇ ಉಳಿಯಿತು.

ಗಂಡನಿಗೆ ಮಾತ್ರ ಹೇಳಿದಳು. ಡಿಂಕೊ ಸಾರ್ಡೀನ್ ಮೀನು ಸೀಳುತ್ತಿದ್ದವನು ಚಾಕು ಕೆಳಗಿಟ್ಟ.

"ಆಗಸ್ಟಲ್ಲಿ ಮೇಲೆ ಮಲಗ್ತೀಯಾ? ತಲೆ ಕೆಟ್ಟಿದೆಯೇನೇ?"

"ನೀನೂ ಬಾ. ಇಬ್ರೂ ಮಲಗೋಣ."

"ಊರವ್ರು ನೋಡಿದ್ರೆ? ಆಗಸ್ಟಲ್ಲಿ ಇವ್ರ ಕೋಣೆ ಖಾಲಿ ಬಿದ್ದಿದೆ, ಮನೆಯವ್ರೇ ಮಲಗಿದಾರೆ ಅಂತಾರೆ. ತಿಗಣೆ ಇತ್ತಂತೆ ಅಂತ ಸೇರಿಸ್ತಾರೆ."

"ಮದುವೆ ದಿನ ನೀನೇ ಹೇಳಿದ್ದೆ, ಬೇಸಿಗೆಗೆ ನೋಡುವಂತೆ ಅಂತ."

"ಹೆಣ್ಣಿಗೆ ಮದುವೆ ದಿನ ಏನಾದ್ರೂ ಹೇಳ್ಬೇಕಲ್ಲ" ಎಂದು ಅವನು ಮತ್ತೆ ಮೀನಿಗೆ ಕೈ ಹಾಕಿದ. ಇನ್ನೆರಡು ಮೀನು ಸೀಳಿ, ತಲೆ ಎತ್ತದೆಯೇ, "ನಾನಂತೂ ಬರಲ್ಲ. ನೀ ಹೋಗೋದಾದ್ರೆ ಹೋಗು, ನಾನು ಯಾರಿಗೂ ಬಾಯಿ ಬಿಡಲ್ಲ" ಎಂದ. ಅದು ಅವನ ಮಟ್ಟಿಗೆ ದೊಡ್ಡ ಒಪ್ಪಿಗೆ.

ಮೂರನೆಯ ವಾರದ ಹಿಂದಿನ ದಿನ ಪೆರೀನಾ ಮಾಡಿದ ಕೆಲಸವನ್ನು ನಮ್ಮ ದ್ವೀಪದಲ್ಲಿ ಹುಟ್ಟಿದವರು ಮಾತ್ರ ಮಾಡಬಲ್ಲರು. ಅವಳು ಗುರುತಿನ ಚೀಟಿ ಹಿಡಿದುಕೊಂಡು ದೋಣಿ ಧಕ್ಕೆಯ ಪಕ್ಕದ ಪ್ರವಾಸಿ ಕಚೇರಿಗೆ ಹೋದಳು. ಮೇಲಿನ ಕೋಣೆಯಲ್ಲಿ ಒಂದು ರಾತ್ರಿ ಮಲಗುವವರ ಹೆಸರನ್ನೂ ಅಲ್ಲಿ ಬರೆಸಬೇಕು, ಇಲ್ಲದಿದ್ದರೆ ದಂಡ. ಇದು ಅವಳಿಗೆ ನಲವತ್ತೈದು ವರ್ಷದಿಂದ ರಕ್ತಕ್ಕೇ ಇಳಿದಿತ್ತು. ಕಚೇರಿಯಲ್ಲಿದ್ದ ಹುಡುಗಿ ತೆಯಾ ಚೀಟಿಯನ್ನು ತಿರುಗಿಸಿ ನೋಡಿದಳು.

"ಇದು ನಿಮ್ದೇ ಅಲ್ವಾ, ಪೆರೀನತ್ತೆ? ಗೆಸ್ಟುಗಳದ್ದು ಎಲ್ಲಿ?"

"ನಾನೇ ಕಣೇ ಗೆಸ್ಟು. ಶನಿವಾರದಿಂದ ಏಳು ದಿನ. ಬರ್ಕೋ."

"ನಿಮ್ಮನೇಲಿ ನೀವು ಮಲಗೋಕೆ ಯಾಕೆ ಬರೀಬೇಕು?"

"ಮೇಲೆ ಮಲಗ್ತೀನಿ ಕಣೇ, ಮೇಲೆ."

ತೆಯಾ ಒಂದು ಕ್ಷಣ ಅವಳ ಮುಖ ನೋಡಿದಳು. ಆ ಹುಡುಗಿಯೂ ಬೇಸಿಗೆಯಲ್ಲಿ ದೋಣಿಮನೆಯಲ್ಲಿ ಮಲಗುವವಳೇ. ನಗು ತಡೆದುಕೊಂಡು ಕಂಪ್ಯೂಟರಿನ ಮೇಲೆ ಬೆರಳಿಟ್ಟು ಕೇಳಿದಳು: "ಎಲ್ಲಿಂದ ಬಂದಿದೀರಾ ಅಂತ ಹಾಕ್ಲಿ?"

"ಕೆಳಗಿಂದ" ಎಂದಳು ಪೆರೀನಾ.

ತೆಯಾ ಏನನ್ನೂ ಬರೆಯದೆ ಚೀಟಿಯನ್ನು ವಾಪಸು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ, "ಆಯ್ತು, ಹೋಗಿ ಮಲಗಿ. ಚೆನ್ನಾಗಿ ನಿದ್ದೆ ಮಾಡಿ" ಎಂದಳು.

ಶನಿವಾರ ಹತ್ತು ಗಂಟೆಗೆ ಹಿಂದಿನ ವಾರದವರು ಹೊರಟರು. ಪೆರೀನಾ ಎಂದಿನಂತೆ ನೆಲ ಒರೆಸಿದಳು, ಕನ್ನಡಿ ತಿಕ್ಕಿದಳು. ಮದುವೆಯಲ್ಲಿ ತವರಿನಿಂದ ತಂದ ನಾರುಬಟ್ಟೆಯ ಹೊದಿಕೆಯನ್ನು ಪೆಟ್ಟಿಗೆಯ ತಳದಿಂದ ತೆಗೆದು ಹಾಸಿದಳು. ಯಾರು ಬಂದರೂ ಇಡುವ ಹಾಗೆ ಮೇಜಿನ ಮೇಲೆ ಒಂದು ತಟ್ಟೆ ಅಂಜೂರ, ಒಂದು ಪುಟ್ಟ ಬಾಟಲಿ ಸಿಹಿ ವೈನು ಇಟ್ಟಳು. ಆಮೇಲೆ ಬಾಗಿಲು ಎಳೆದುಕೊಂಡು ಕೆಳಗೆ ಬಂದು, ಸ್ನಾನ ಮಾಡಿ, ಕೂದಲು ಬಾಚಿ, ಒಂದು ಸೂಟ್‌ಕೇಸಿಗೆ ರಾತ್ರಿಯುಡುಪು, ಮುಲಾಮು ಹಾಕಿಕೊಂಡು, ಎರಡು ಗಂಟೆಗೆ ಸರಿಯಾಗಿ ಮೆಟ್ಟಿಲು ಹತ್ತಿದಳು. ಎರಡರ ಮೊದಲು ಅತಿಥಿಗಳನ್ನು ಒಳಗೆ ಬಿಡುವ ಪದ್ಧತಿ ಅವರಲ್ಲಿ ಇಲ್ಲ.

ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಒಂದು ಅಂಜೂರ ತೆಗೆದು ತಿಂದಳು. ತಾನೇ ಇಟ್ಟ ಹಣ್ಣು ಬೇರೆ ಯಾರೋ ಕೊಟ್ಟ ಹಾಗೆ ರುಚಿಸಿತು. ಮುಚ್ಚಿದ ಕಿಟಕಿಯ ಸಂದಿಗಳಿಂದ ಬೆಳಕಿನ ಗೆರೆಗಳು ಹೊದಿಕೆಯ ಮೇಲೆ ಬಿದ್ದು, ನೀರಿನ ಜೊತೆ ಅಲ್ಲಾಡುತ್ತಿದ್ದವು. ಸಮುದ್ರದ ಉಸಿರು ಕೆಳಗೆ ಕೇಳುವುದಕ್ಕಿಂತ ಇಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಹೊರಗಿನ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಕೇಳಿಸಿತು. ಆ ಹೆಜ್ಜೆ ಅವಳಿಗೆ ಗೊತ್ತು. ಬಲಗಾಲು ಸ್ವಲ್ಪ ಎಳೆಯುವ, ಏಳನೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುವ ಹೆಜ್ಜೆ.

ಬಾಗಿಲಲ್ಲಿ ಯಾರ್ಮಿಲಾ ನಿಂತಿದ್ದಳು, ಕಪ್ಪು ಉಡುಪಿನಲ್ಲಿ. ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

"ಬರಲ್ಲ ಅಂತ ಬರೆದಿದ್ದೆ" ಎಂದಳು. "ಬುಧವಾರ ಮನೇಲಿ ಸುಮ್ನೆ ಕೂತಿದ್ದೆ. ಗುರುವಾರ ನೋಡಿದ್ರೆ ಬಸ್ಸಲ್ಲಿದ್ದೆ. ಬೇರೆಯವ್ರಿಗೆ ಕೊಟ್ಟಿದ್ರೆ ಪರವಾಗಿಲ್ಲ, ಪೆರೀನಾ. ಒಂದ್ಸಲ ಕಿಟಕಿ ಹತ್ರ ನಿಂತು ಹೋಗ್ತೀನಿ."

"ಯಾರಿಗೂ ಕೊಟ್ಟಿಲ್ಲ. ನಾನು, ಅದು, ಗುಡಿಸ್ತಾ ಇದ್ದೆ" ಎನ್ನುತ್ತ ಪೆರೀನಾ ಎದ್ದಳು. ಎದ್ದವಳ ಕೈ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಲು ಹೋಯಿತು. ಆದರೆ ದಿಂಬಿನ ಮೇಲೆ ಇಸ್ತ್ರಿ ಮಾಡಿದ ರಾತ್ರಿಯುಡುಪು ಕೂತಿತ್ತು, ತಟ್ಟೆಯಲ್ಲಿ ಒಂದು ಅಂಜೂರದ ತೊಟ್ಟು ಇತ್ತು.

ಯಾರ್ಮಿಲಾ ಅದನ್ನು ನೋಡಿದಳು, ಇದನ್ನು ನೋಡಿದಳು, ಬಾಚಿದ ಕೂದಲನ್ನು ನೋಡಿದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತಳು.

"ನೀವು ಇಲ್ಲಿ ಯಾವತ್ತೂ..." ಎಂದು ಶುರು ಮಾಡಿದವಳು ಪ್ರಶ್ನೆ ಮುಗಿಸಲಿಲ್ಲ.

"ಚಳಿಗಾಲದಲ್ಲಿ ಮಲಗ್ತೀನಿ" ಎಂದಳು ಪೆರೀನಾ. ಇಷ್ಟು ವರ್ಷ ಬಾರದ ಅಳು ಅತಿಥಿಯ ಮುಂದೆ ಬಂದುಬಿಡುತ್ತದಲ್ಲ ಎಂದು ಅವಳಿಗೆ ಸಿಟ್ಟು ಬಂತು. "ಇರಿ, ನಿಮಗೆ ಬೇರೆ ಹೊದಿಕೆ ಹಾಸ್ತೀನಿ. ನಾನು ಕೆಳಗೆ ಹೋಗ್ತೀನಿ."

"ಕೂತ್ಕೊಳ್ಳಿ. ಮಂಚಕ್ಕೆ ಎರಡು ಕಡೆ ಇದೆ. ಬೊಹುಮಿಲ್ ಕಡೆ ಖಾಲಿ ಇದೆ."

"ಗೆಸ್ಟು, ಮನೆಯವಳು ಒಂದೇ ಮಂಚದಲ್ಲಾ? ಊರು ನಗತ್ತೆ."

"ನಗ್ಲಿ. ಇಪ್ಪತ್ತೆಂಟು ವರ್ಷ ನಿಮ್ಮ ಕೆಮ್ಮು ಕೇಳ್ಕೊಂಡು ಮಲಗಿದೀನಿ. ಈಗ ಹತ್ರದಿಂದ ಕೇಳ್ತೀನಿ, ಅಷ್ಟೇ ವ್ಯತ್ಯಾಸ."

ಸಂಜೆ ಯಾರ್ಮಿಲಾ ಅವಳಿಗೆ ಆ ಕೋಣೆಯನ್ನು ಪರಿಚಯ ಮಾಡಿಕೊಟ್ಟಳು. ಕಿಟಕಿಯ ಎಡ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ತಳ್ಳಬೇಕು ಎಂದಳು.

"ನನ್ನ ಮನೆ ಕಿಟಕಿ ತೆಗೆಯೋದನ್ನ ನೀವು ನನಗೆ ಹೇಳಿಕೊಡ್ತೀರಾ?"

"ನಿಮಗೆ ಚಳಿಗಾಲದ ಕಿಟಕಿ ಗೊತ್ತು. ಬೇಸಿಗೆಯಲ್ಲಿ ಬಣ್ಣ ಬಿಸಿಲಿಗೆ ಅಂಟತ್ತೆ." ಪೆರೀನಾ ತಳ್ಳಿ ನೋಡಿದಳು. ಅಂಟಿತ್ತು. ಎತ್ತಿ ತಳ್ಳಿದಳು, ತೆರೆಯಿತು. ಇಬ್ಬರೂ ಮಕ್ಕಳ ಹಾಗೆ ನಕ್ಕರು. ಯಾರ್ಮಿಲಾ ನಕ್ಕು ಮುಗಿಸುವಾಗ ಅಳುತ್ತಿದ್ದಳು. ಪೆರೀನಾ ಅವಳ ಬೆನ್ನು ಸವರುತ್ತ ಕೂತಳು. ಬೊಹುಮಿಲ್ ಇಲ್ಲಿ ಗೊರಕೆ ಹೊಡೆಯುತ್ತಿದ್ದದ್ದನ್ನು, ಆ ಗೊರಕೆ ಕೊನೋಬಾದ ಪೀಪಾಯಿಗಳಿಗೂ ಕೇಳುತ್ತಿದ್ದದ್ದನ್ನು ಹೇಳಿದಳು.

ಭಾನುವಾರ ಬೆಳಿಗ್ಗೆ ಏನಾಯಿತು ಗೊತ್ತೇ? ನಲವತ್ತೈದು ವರ್ಷ ಐದು ಗಂಟೆಗೆ ತಾನಾಗಿ ಏಳುತ್ತಿದ್ದ ಹೆಂಗಸು ಎಂಟೂವರೆಯವರೆಗೆ ನಿದ್ದೆ ಹೊಡೆದಳು. ಸೂರ್ಯ ಬಂದು, ಮುಖದ ಮೇಲೆ ಕೂತು, ಬೇಸರವಾಗಿ ಚಾವಣಿಗೆ ಹೋಗಿದ್ದ. ಪಟ್ಟಣದಿಂದ ಬಂದ ಝೊರಾನಾ ಕೊನೋಬಾದ ಒಲೆಯ ಮುಂದೆ ಯಾರ್ಮಿಲಾ ಕಾಫಿ ಕಾಸುವುದನ್ನು ಕಂಡು ಬಾಯಿ ತೆರೆದು ನಿಂತಳು.

"ಅತ್ತೆ ಎಲ್ಲಿ? ಹುಷಾರಿಲ್ವಾ?"

ಯಾರ್ಮಿಲಾ ಬೆರಳನ್ನು ಚಾವಣಿಗೆ ತೋರಿಸಿ, ಕೆನ್ನೆಯ ಕೆಳಗೆ ಅಂಗೈ ಇಟ್ಟು ತೋರಿಸಿದಳು. ಡಿಂಕೊ ಬಲೆಯ ಹಿಂದೆ ಮುಖ ಮುಚ್ಚಿಕೊಂಡ. ಝೊರಾನಾ ಎರಡೆರಡು ಮೆಟ್ಟಿಲು ಹತ್ತಿ ಬಾಗಿಲ ಸಂದಿಯಿಂದ ನೋಡಿದಳು: ಮದುವೆಯ ಹೊದಿಕೆಯಲ್ಲಿ ಅತ್ತೆ, ಬಾಯಿ ತೆರೆದು, ಒಂದು ಕೈ ಮಂಚದಾಚೆ ಚೆಲ್ಲಿ. ಅಷ್ಟು ಚಿಕ್ಕವಳಾಗಿ ಅವಳನ್ನು ಝೊರಾನಾ ಎಂದೂ ಕಂಡಿರಲಿಲ್ಲ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಕೆಳಗೆ ಬಂದು, "ಬ್ರೆಡ್ಡು ತಂದಿಲ್ಲ ಅಲ್ವಾ? ನಾನು ಹೋಗಿ ತರ್ತೀನಿ" ಎಂದಷ್ಟೇ ಹೇಳಿ ಬೇಕರಿಯ ಏರು ಹತ್ತಿದಳು. ಅಕ್ಟೋಬರಿನ ಗೋಡೆಯ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಗೋಡೆ ಬರುವುದು ಬರುವುದೇ, ಎಲ್ಲರಿಗೂ ಗೊತ್ತಿತ್ತು.

ಸೋಮವಾರ ಪೆರೀನಾಗೆ ಕತ್ತಲಿರುವಾಗಲೇ ಎಚ್ಚರವಾಯಿತು. ಪಕ್ಕ ಖಾಲಿ, ಯಾರ್ಮಿಲಾ ಈಜಲು ಹೋಗಿದ್ದಳು. ಬೇಕೆಂದೇ ಹೋದಳೋ ಏನೋ. ಕಿಟಕಿಯ ಎರಡೂ ಬಾಗಿಲು ತೆರೆದಿದ್ದವು. ಪೆರೀನಾ ಏಳಲಿಲ್ಲ. ದಿಂಬಿಗೆ ತಲೆಯಿಟ್ಟು ಕಾದಳು.

ಮೊದಲು ನೀರಿಗೂ ಆಕಾಶಕ್ಕೂ ನಡುವೆ ಗೆರೆಯೇ ಇರಲಿಲ್ಲ. ಒಂದು ದೋಣಿ ಗಾಳಿಯಲ್ಲಿ ತೂಗುಹಾಕಿದ ಹಾಗೆ ನಿಂತಿತ್ತು. ಆಮೇಲೆ ದೂರದ ದ್ವೀಪದ ಅಂಚು ಬೆಚ್ಚಗಾಯಿತು. ಸೂರ್ಯ ಬಂದಾಗ ಸದ್ದಾಗಬೇಕಿತ್ತು ಎನಿಸಿತು ಅವಳಿಗೆ, ಅಷ್ಟು ದೊಡ್ಡದು ಅಷ್ಟು ಮೆಲ್ಲಗೆ ಬಂತು. ನೀರಿನ ಮೇಲೆ ಒಂದು ದಾರಿ ಬಿತ್ತು. ದಾರಿ ಕಿಟಕಿ ಹತ್ತಿತು, ನೆಲಕ್ಕಿಳಿಯಿತು, ಮಂಚದ ಕಾಲು ಹಿಡಿದು ಮೇಲೆ ಬಂತು. ಹೊದಿಕೆ ಏಪ್ರಿಕಾಟ್ ಬಣ್ಣವಾಯಿತು. ಆ ಸ್ಲೊವೇನಿಯಾದ ಹುಡುಗಿ ಸುಳ್ಳು ಹೇಳಿರಲಿಲ್ಲ. ಪೆರೀನಾ ತನ್ನ ಕೈಯನ್ನು ಬೆಳಕಿನಲ್ಲಿಟ್ಟು ನೋಡಿದಳು. ಸೋಪು ನೀರಿಗೆ ಸುಕ್ಕಾದ ಬೆರಳುಗಳು ಆ ಬಣ್ಣದಲ್ಲಿ ಬೇರೆ ಯಾರದೋ ಆಗಿದ್ದವು. ಸಂತೋಷ ಎಂದರೆ ಇದೇ ಎಂದು ಅವಳಿಗೆ ಅನಿಸಿತು, ಮತ್ತು ಅದನ್ನು ಒಬ್ಬಳೇ ಇಟ್ಟುಕೊಳ್ಳುವುದು ಕಷ್ಟ ಎಂದೂ ಅನಿಸಿತು.

ಎದ್ದು ಬರಿಗಾಲಲ್ಲಿ ಕಿಟಕಿಗೆ ಹೋದಳು. ಕೆಳಗೆ ಅಂಗಳ. ಬೇಸಿಗೆಯ ಬೆಳಗಿನಲ್ಲಿ ಅದನ್ನು ಮೇಲಿನಿಂದ ಅವಳು ನೋಡೇ ಇರಲಿಲ್ಲ. ಕೊನೋಬಾದ ಬಾಗಿಲು ಬಿಲದಂತೆ ಸಣ್ಣಗೆ ಕಂಡಿತು. ಅದರಿಂದ ಡಿಂಕೊ ಹೊರಗೆ ಬಂದ, ಬನಿಯನ್ನಿನಲ್ಲಿ, ಸೊಂಟಕ್ಕೆ ಕೈಕೊಟ್ಟು. ಅವನ ನೆತ್ತಿ ಇಷ್ಟು ಬೋಳಾಗಿರುವುದು ಅವಳಿಗೆ ಗೊತ್ತಿರಲಿಲ್ಲ.

ಅವಳು ಒರಗಿಕೊಂಡಾಗ ಕಿಟಕಿ ಕಿರುಗುಟ್ಟಿತು. ನಮ್ಮ ಕಡೆಯ ಗಂಡಸರು ಬೇಸಿಗೆಯಲ್ಲಿ ಮೇಲಿನ ಕಿಟಕಿಗೆ ಕಣ್ಣೆತ್ತುವುದಿಲ್ಲ. ಅಲ್ಲಿರುವುದು ಬೇರೆಯವರ ಹೆಂಗಸರು, ಬೇರೆಯವರ ಬೆಳಗು. ಡಿಂಕೊ ತಲೆಯನ್ನು ಇನ್ನಷ್ಟು ತಗ್ಗಿಸಿ, ನೆಲ ನೋಡುತ್ತಲೇ, "ಗೂಟನ್ ಮೊರ್ಗೆನ್" ಎಂದು ಜರ್ಮನ್ನರ ಭಾಷೆಯಲ್ಲಿ ಬೆಳಗಿನ ನಮಸ್ಕಾರ ಹೇಳಿದ.

ಮೇಲೆ ಮಲಗಿರುವುದು ಹೆಂಡತಿ ಎಂದು ಅವನಿಗೆ ಗೊತ್ತಿತ್ತು. ಅವನ ಕುತ್ತಿಗೆಗೆ, ಬಾಯಿಗೆ ಗೊತ್ತಿರಲಿಲ್ಲ.

"ಡಿಂಕೊ."

"ಹಾಂ." ಅವನು ಆಗಲೂ ನೆಲವನ್ನೇ ನೋಡುತ್ತಿದ್ದ.

"ನಾನು ಕಣೋ. ಮೇಲೆ ನೋಡು."

ಅವನು ಅತ್ತ ಇತ್ತ ಒಮ್ಮೆ ನೋಡಿ, ಕೈಯನ್ನು ಹುಬ್ಬಿನ ಮೇಲಿಟ್ಟುಕೊಂಡು ನಿಧಾನವಾಗಿ ತಲೆ ಎತ್ತಿದ. ಬಿಚ್ಚಿದ ಬಿಳಿ ಕೂದಲಿನಲ್ಲಿ, ಮೈತುಂಬ ಬಿಸಿಲಲ್ಲಿ ಅವಳು ನಿಂತಿದ್ದಳು. ಆ ಕಿಟಕಿಗೆ ಹೇಳುವ ಮಾತು ಅವನಿಗೆ ಇನ್ನೊಂದು ಮಾತ್ರ ಬರುತ್ತಿತ್ತು.

"ಏನಾದ್ರೂ ಬೇಕಿತ್ತಾ?" ಎಂದ.

ನಲವತ್ತೈದು ವರ್ಷ ಆ ಮನೆಯಲ್ಲಿ ಅದನ್ನು ಎಲ್ಲರಿಗೂ ಕೇಳಿದವಳು ಅವಳು. ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ಕಣ್ಣು ಒರೆಸಿಕೊಂಡು, ಮೂಗು ಒರೆಸಿಕೊಂಡು, ಕಿಟಕಿಯಿಂದ ಬಗ್ಗಿದಳು.

"ಹೂಂ, ಬೇಕಿತ್ತು. ಮೇಲೆ ಬಾ."

ಡಿಂಕೊ ನಲ್ಲಿಯಲ್ಲಿ ಕಾಲು ತೊಳೆದ. ಬನಿಯನ್ನಿನ ಮೇಲೆ ಅಂಗಿ ತೊಟ್ಟು, ಮೇಲಿನ ಗುಂಡಿಯವರೆಗೆ ಹಾಕಿಕೊಂಡ. ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಟ್ಟು, ತಾನು ಹುಟ್ಟಿದ ಕೋಣೆಯ, ತೆರೆದೇ ಇದ್ದ ಬಾಗಿಲನ್ನು ಎರಡು ಸಲ ತಟ್ಟಿ, ಒಳಗೆ ಬರಲು ಹೇಳುತ್ತಾರೇನೋ ಎಂದು ನಿಂತುಕೊಂಡ.